ಧ್ರುವದ ಗಾಳಿಯಲ್ಲಿ ಪಾದರಸ, ಭದ್ರೆಯ ದಡದಲ್ಲಿ ಪ್ರಶ್ನೆ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಪರಿಸರಾಸಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಧ್ರುವಪ್ರದೇಶಗಳ ಗಾಳಿಯಲ್ಲಿರುವ ಪಾದರಸವನ್ನು ಅಳೆಯುವ ಕಾರ್ಯದ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ಸಂಘಟಕರಲ್ಲೊಬ್ಬರು ನಕ್ಕರು. ಕಡೂರಿನಲ್ಲಿ ಕೊಳವೆಬಾವಿ ಬತ್ತಿ ಕುಳಿತವನಿಗೆ, ತರೀಕೆರೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹುಡುಕುವವನಿಗೆ, ಅಜ್ಜಂಪುರದಲ್ಲಿ ಭದ್ರಾ ಮೇಲ್ದಂಡೆಯ ಸುರಂಗದತ್ತ ನೋಡುತ್ತ ನಿಂತವನಿಗೆ ಉತ್ತರ ಧ್ರುವದ ಗಾಳಿಯಿಂದ ಆಗಬೇಕಾದದ್ದೇನು ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಈ ಮಾತು ಮುಗಿಯುವುದರೊಳಗೆ ಅದಕ್ಕೆ ಉತ್ತರ ಕೊಡಲು ಯತ್ನಿಸುತ್ತೇನೆ.

ಪಾದರಸ ನಮಗೆ ಅಪರಿಚಿತ ವಸ್ತುವಲ್ಲ. ನಮ್ಮ ವೈದ್ಯಪರಂಪರೆಯಲ್ಲಿ ‘ರಸ’ ಎಂದರೆ ಅದೇ. ಅದರ ಅದಿರಿಗೆ ಇಂಗಳೀಕ ಎಂಬ ಹೆಸರು ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಇದೆ. ಚಿನ್ನದ ಒಡವೆಗೆ ಪಾದರಸ ತಗುಲಿದರೆ ಒಡವೆ ಬೆಳ್ಳಗಾಗುತ್ತದೆಂಬುದನ್ನು ಯಾವ ಅಕ್ಕಸಾಲಿಗನಾದರೂ ಹೇಳಬಲ್ಲ. ಚಿನ್ನವನ್ನು ಕಂಡರೆ ಪಾದರಸ ಅಂಟಿಕೊಳ್ಳುತ್ತದೆ, ಕಾಯಿಸಿದರೆ ಬಿಟ್ಟು ಹಾರಿಹೋಗುತ್ತದೆ. ಕೋಲಾರದ ಗಣಿಯ ಮೊದಲ ದಿನಗಳಲ್ಲಿ ಪುಡಿಮಾಡಿದ ಕಲ್ಲಿನಿಂದ ಚಿನ್ನವನ್ನು ಹಿಡಿದದ್ದು ಈ ಗುಣದಿಂದಲೇ. ಇಂದು ಹಿಮಖಂಡದ ಮೇಲೆ ಗಾಳಿಯಲ್ಲಿನ ಪಾದರಸವನ್ನು ಅಳೆಯುವ ಯಂತ್ರವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಗಾಳಿಯನ್ನು ಕೆಲವು ನಿಮಿಷಗಳ ಕಾಲ ಚಿನ್ನದ ಸಣ್ಣ ಬಲೆಯ ಮೂಲಕ ಎಳೆಯುತ್ತಾರೆ. ಪಾದರಸ ಚಿನ್ನಕ್ಕೆ ಅಂಟುತ್ತದೆ. ಬಳಿಕ ಚಿನ್ನವನ್ನು ಕಾಯಿಸಿ, ಬಿಡುಗಡೆಯಾದ ಆವಿಯ ಮೇಲೆ ಅತಿನೇರಳೆ ಬೆಳಕನ್ನು ಹಾಯಿಸಿ, ಅದು ಮರಳಿ ಸೂಸುವ ಬೆಳಕಿನಿಂದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ.

ಆ ಪ್ರಮಾಣವಾದರೂ ಎಷ್ಟು? ಉತ್ತರ ಗೋಳಾರ್ಧದ ಶುದ್ಧವೆನ್ನಬಹುದಾದ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು ಒಂದೂವರೆ ನ್ಯಾನೋಗ್ರಾಂ. ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು. ದಕ್ಷಿಣ ಗೋಳಾರ್ಧದಲ್ಲಿ ಇನ್ನೂ ಕಡಿಮೆ, ಒಂದು ನ್ಯಾನೋಗ್ರಾಮಿನ ಆಸುಪಾಸು. ಇಷ್ಟು ಅಲ್ಪವಾದದ್ದರಿಂದ ಏನಾದೀತು ಎಂದು ನೀವು ಕೇಳಬಹುದು. ಧ್ರುವದ ಕಥೆ ಆರಂಭವಾಗುವುದೇ ಇಲ್ಲಿಂದ.

ಕೆನಡಾದ ಉತ್ತರದ ಕೊನೆಯಲ್ಲಿ ಅಲರ್ಟ್ ಎಂಬ ನೆಲೆಯಿದೆ. ಅದರ ಅಕ್ಷಾಂಶ 82.5 ಡಿಗ್ರಿ. ಮನುಷ್ಯರು ವರ್ಷವಿಡೀ ತಂಗುವ ನೆಲೆಗಳಲ್ಲಿ ಅದಕ್ಕಿಂತ ಉತ್ತರದ್ದು ಮತ್ತೊಂದಿಲ್ಲ. ಸುತ್ತ ಕಾರ್ಖಾನೆಯಿಲ್ಲ, ಊರಿಲ್ಲ, ಮರವೂ ಇಲ್ಲ. ಅಲ್ಲಿ 1995ರಲ್ಲಿ ಪಾದರಸದ ನಿರಂತರ ಅಳತೆ ಆರಂಭವಾಯಿತು. ತಿಂಗಳುಗಟ್ಟಲೆಯ ಕತ್ತಲೆ ಕಳೆದು ಸೂರ್ಯ ಮೂಡಿದ ಬಳಿಕ, ವಸಂತದಲ್ಲಿ, ಒಂದು ವಿಚಿತ್ರ ಕಂಡುಬಂತು. ಚಳಿಗಾಲವಿಡೀ ಸ್ಥಿರವಾಗಿದ್ದ ಪಾದರಸ ಕೆಲವೇ ಗಂಟೆಗಳಲ್ಲಿ ಗಾಳಿಯಿಂದ ಹೆಚ್ಚುಕಡಿಮೆ ಮಾಯವಾಗುತ್ತಿತ್ತು. ಕೆಲವು ದಿನಗಳಲ್ಲಿ ಮತ್ತೆ ಮರಳುತ್ತಿತ್ತು. ಮತ್ತೆ ಮಾಯವಾಗುತ್ತಿತ್ತು. ಇಂಥದನ್ನು ಕಂಡಾಗ ಯಂತ್ರ ಕೆಟ್ಟಿದೆಯೆಂದೇ ಯಾರಿಗಾದರೂ ಅನಿಸುತ್ತದೆ. ಆದರೆ ಯಂತ್ರ ಸರಿಯಾಗಿತ್ತು. ನೆಲಮಟ್ಟದ ಓಜೋನ್ ಕೂಡ ಅದೇ ಹೊತ್ತಿಗೆ ಇಳಿಯುತ್ತಿತ್ತು. 1998ರಲ್ಲಿ ಈ ಶೋಧ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿಯೂ, ಬಳಿಕ ದಕ್ಷಿಣ ಧ್ರುವದ ಖಂಡದ ಅಂಚಿನಲ್ಲಿಯೂ ಇದೇ ವಿದ್ಯಮಾನ ಕಂಡಿತು.

ಕಾರಣವನ್ನು ಸರಳವಾಗಿ ಹೇಳುವುದಾದರೆ ಹೀಗೆ. ಪಾದರಸದ ಆವಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದ್ದರಿಂದ ಮಳೆ ಅದನ್ನು ತೊಳೆದು ಕೆಳಗಿಳಿಸಲಾರದು. ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಅದು ಗಾಳಿಯಲ್ಲೇ ತೇಲುತ್ತ ಭೂಮಿಯನ್ನು ಸುತ್ತುತ್ತದೆ. ಧ್ರುವದಲ್ಲಿ ಸಮುದ್ರದ ಹಿಮದ ಮೇಲಿನ ಉಪ್ಪಿನಿಂದ ಬ್ರೋಮಿನ್ ಬಿಡುಗಡೆಯಾಗುತ್ತದೆ. ವಸಂತದ ಬಿಸಿಲು ಬಿದ್ದೊಡನೆ ಆ ಬ್ರೋಮಿನ್ ಪಾದರಸದೊಂದಿಗೆ ಕೂಡಿ ಅದನ್ನು ಬೇರೊಂದು ರೂಪಕ್ಕೆ ತಿರುಗಿಸುತ್ತದೆ. ಈ ರೂಪ ಅಂಟುವಂಥದು, ಕರಗುವಂಥದು. ಅದು ಹಿಮದ ಮೇಲೆ ಕುಳಿತುಬಿಡುತ್ತದೆ. ಒಂದಷ್ಟು ಭಾಗ ಮತ್ತೆ ಆವಿಯಾಗಿ ಏಳುತ್ತದೆ. ಉಳಿದದ್ದು ಹಿಮ ಕರಗುವ ಕಾಲದಲ್ಲಿ ನೀರನ್ನು ಸೇರುತ್ತದೆ.

2017ರಲ್ಲಿ ಅಲಾಸ್ಕಾದ ಟೂಲಿಕ್ ಕೇಂದ್ರದ ಅಧ್ಯಯನವೊಂದು ಇದಕ್ಕೆ ಇನ್ನೊಂದು ಮಾತನ್ನು ಸೇರಿಸಿತು. ಮರವಿಲ್ಲದ ಆ ತಂಪು ಬಯಲಿಗೆ ಸೇರುವ ಪಾದರಸದ ಬಹುಪಾಲು ಹಿಮದ ಮೂಲಕ ಬರುವುದಲ್ಲ, ಅಲ್ಲಿನ ಸಸ್ಯಗಳ ಎಲೆಗಳು ಗಾಳಿಯಿಂದ ನೇರವಾಗಿ ಹೀರಿಕೊಳ್ಳುವುದು ಎಂದು. ಎಲೆ ಉದುರಿ ಮಣ್ಣಾಗುತ್ತದೆ, ಪಾದರಸ ಮಣ್ಣಿನಲ್ಲಿ ಉಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನಮ್ಮ ಬೆಟ್ಟಗಳ ಕಾಡಿಗೂ ಇದು ಸಂಬಂಧಿಸಿದ್ದು.

ಧ್ರುವದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅತ್ಯಂತ ಅಪಾಯದ ರೂಪವೆಂದರೆ ಇದೇ. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ, ದೊಡ್ಡ ಮೀನನ್ನು ಸೀಲ್ ತಿನ್ನುತ್ತದೆ, ಸೀಲನ್ನು ಹಿಮಕರಡಿಯೂ ಮನುಷ್ಯನೂ ತಿನ್ನುತ್ತಾರೆ. ಪ್ರತಿ ಮೆಟ್ಟಿಲಿನಲ್ಲೂ ಪ್ರಮಾಣ ಏರುತ್ತದೆ. ಹಳೆಯ ಹಲ್ಲು, ಕೂದಲು, ಗರಿಗಳನ್ನು ಇಂದಿನವುಗಳೊಂದಿಗೆ ಹೋಲಿಸಿ, ಉತ್ತರ ಧ್ರುವದ ಪ್ರಾಣಿಗಳ ಮೈಯಲ್ಲಿರುವ ಪಾದರಸದಲ್ಲಿ ಶೇಕಡ ತೊಂಬತ್ತಕ್ಕೂ ಹೆಚ್ಚಿನ ಪಾಲು ಕೈಗಾರಿಕಾ ಯುಗದಲ್ಲಿ ಮನುಷ್ಯನಿಂದ ಸೇರಿದ್ದೆಂದು ಲೆಕ್ಕ ಹಾಕಲಾಗಿದೆ.

ಈ ಹೊರೆಯನ್ನು ಹೊತ್ತವರು ಯಾರು? ಸೀಲನ್ನೂ ತಿಮಿಂಗಿಲವನ್ನೂ ಬೇಟೆಯಾಡಿ ಬದುಕುವ ಇನ್ಯುಯಿಟ್ ಜನ. ಕಲ್ಲಿದ್ದಲನ್ನು ಅವರು ಉರಿಸಲಿಲ್ಲ, ಕಾರ್ಖಾನೆ ಕಟ್ಟಲಿಲ್ಲ. ಫೇರೋ ದ್ವೀಪಗಳಲ್ಲಿ 1986–87ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ವೈದ್ಯರು, ತಾಯಿ ತಿಂದ ತಿಮಿಂಗಿಲದ ಮಾಂಸದಲ್ಲಿದ್ದ ಪಾದರಸ ಮಗುವಿನ ಭಾಷೆ, ನೆನಪು, ಗಮನಗಳ ಮೇಲೆ ಪರಿಣಾಮ ಬೀರಿದ್ದನ್ನು ತೋರಿಸಿದರು. 2008ರಲ್ಲಿ ಆ ದ್ವೀಪಗಳ ಆರೋಗ್ಯಾಧಿಕಾರಿಗಳು ಆ ಮಾಂಸವನ್ನು ತಿನ್ನಲೇಬೇಡಿರೆಂದು ಸಲಹೆ ಮಾಡಿದರು. ಶತಮಾನಗಳ ಆಹಾರವನ್ನು ಬಿಡಿ ಎಂದು ತನ್ನ ಜನರಿಗೆ ಹೇಳಬೇಕಾಗಿ ಬಂದ ವೈದ್ಯನ ಸಂಕಟವನ್ನು ಊಹಿಸಿಕೊಳ್ಳಿ. ಬಿಟ್ಟರೆ ಅಂಗಡಿಯ ಡಬ್ಬಿಯ ಆಹಾರ, ಬಿಡದಿದ್ದರೆ ಮಗುವಿನ ಮಿದುಳು. ಈ ಇಕ್ಕಟ್ಟನ್ನು ಅವರ ಬಾಗಿಲಿಗೆ ತಂದಿಟ್ಟವರು ಸಾವಿರಾರು ಮೈಲಿ ದೂರದವರು.

ಆ ದೂರದವರಲ್ಲಿ ನಾವೂ ಇದ್ದೇವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2018ರ ಸಮೀಕ್ಷೆಯಂತೆ 2015ರಲ್ಲಿ ಮನುಷ್ಯನ ಚಟುವಟಿಕೆಗಳಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಏಷ್ಯಾ ಖಂಡದ್ದು. ಮೂಲಗಳಲ್ಲಿ ಮೊದಲನೆಯದು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆ, ಎರಡನೆಯದು ಕಲ್ಲಿದ್ದಲು. ಒಂದು ಟನ್ ಕಲ್ಲಿದ್ದಲಿನಲ್ಲಿ ಇರುವ ಪಾದರಸ ಸಾಮಾನ್ಯವಾಗಿ ಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸು. ಕೇಳಲು ಅಲ್ಪ. ಆದರೆ ಹತ್ತು ಲಕ್ಷ ಟನ್ ಉರಿದಾಗ ಅದು ನೂರು ಕಿಲೋ. ರಾಯಚೂರು, ಯರಮರಸ್, ಬಳ್ಳಾರಿಯ ಕುಡಿತಿನಿ, ವಿಜಯಪುರದ ಕೂಡಗಿ ಮತ್ತು ಘಟ್ಟದ ಕೆಳಗೆ ಉಡುಪಿ ಜಿಲ್ಲೆಯ ಎಲ್ಲೂರು, ಹೀಗೆ ನಮ್ಮ ರಾಜ್ಯದ ದೊಡ್ಡ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ವರ್ಷಕ್ಕೆ ಉರಿಯುವ ಕಲ್ಲಿದ್ದಲನ್ನು ಹತ್ತು ಲಕ್ಷ ಟನ್ನುಗಳ ಲೆಕ್ಕದಲ್ಲೇ ಎಣಿಸಬೇಕು. ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆ ಇಂಥ ಸ್ಥಾವರಗಳ ಹೊಗೆಯಲ್ಲಿ ಪಾದರಸ ಘನ ಮೀಟರಿಗೆ 0.03 ಮಿಲಿಗ್ರಾಮನ್ನು ಮೀರಬಾರದೆಂದು ವಿಧಿಸಿತು. 0.03 ಮಿಲಿಗ್ರಾಂ ಎಂದರೆ ಮೂವತ್ತು ಸಾವಿರ ನ್ಯಾನೋಗ್ರಾಂ. ಶುದ್ಧ ಗಾಳಿಯ ಒಂದೂವರೆಯ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ನೋಡಿ. ನಮ್ಮ ಪಂಪುಸೆಟ್ಟು ತಿರುಗುವಾಗ, ಈ ಸಭಾಂಗಣದ ದೀಪ ಉರಿಯುವಾಗ, ಆ ಹೊಗೆಯಲ್ಲಿ ನಮ್ಮ ಪಾಲೂ ಒಂದಿಷ್ಟು ಇರುತ್ತದೆ.

ಗೆಳೆಯರೇ, ಇದನ್ನು ಹೇಳಿದ್ದು ನಿಮ್ಮಲ್ಲಿ ಪಾಪಪ್ರಜ್ಞೆ ಹುಟ್ಟಿಸುವುದಕ್ಕಲ್ಲ. ಗಾಳಿಗೆ ಗಡಿಯಿಲ್ಲ ಎಂಬುದನ್ನು ನಾವೆಲ್ಲ ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಅದು ಬರಿಯ ಮಾತಾಗಿ ಉಳಿಯದೆ ಸಾಕ್ಷಿಯಾಗಿ ನಿಂತದ್ದು, ಯಾವ ಕಾರ್ಖಾನೆಯೂ ಇಲ್ಲದ ಸ್ಥಳದಲ್ಲಿ ಯಾರೋ ಕುಳಿತು ಹಗಲಿರುಳು ಅಳತೆ ಮಾಡಿದ್ದರಿಂದ. ಹತ್ತಿರದಲ್ಲಿ ಹೊಗೆ ಉಗುಳುವವರು ಯಾರೂ ಇಲ್ಲದಿರುವಾಗ ಅಲ್ಲಿ ಸಿಕ್ಕಿದ ಪಾದರಸವನ್ನು ‘ಇದು ಪಕ್ಕದವರದು’ ಎಂದು ತಳ್ಳಿಹಾಕಲು ಸಾಧ್ಯವಿಲ್ಲ. ಆ ಸಾಕ್ಷಿಯೇ ಮಿನಮಾಟ ಒಪ್ಪಂದಕ್ಕೆ ಬಲ ಕೊಟ್ಟದ್ದು. ಜಪಾನಿನ ಮಿನಮಾಟ ಊರಿನ ಕೊಲ್ಲಿಗೆ ಕಾರ್ಖಾನೆಯೊಂದು ಬಿಟ್ಟ ಪಾದರಸದಿಂದ ಮೀನುಗಾರರ ಮಕ್ಕಳು ನರಳಿದ್ದು 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂತು. ಆ ಊರಿನ ಹೆಸರಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 2013ರಲ್ಲಿ, ಜಾರಿಗೆ ಬಂದದ್ದು 2017ರ ಆಗಸ್ಟಿನಲ್ಲಿ. ಭಾರತ 2018ರ ಜೂನ್‌ನಲ್ಲಿ ಅದನ್ನು ಅನುಮೋದಿಸಿತು. ಒಪ್ಪಂದದಿಂದ ನಿಜಕ್ಕೂ ಪ್ರಯೋಜನವಾಗುತ್ತಿದೆಯೇ ಎಂದು ಕಾಲಕಾಲಕ್ಕೆ ಪರಿಶೀಲಿಸಬೇಕೆಂದು ಅದರ 22ನೆಯ ವಿಧಿ ಹೇಳುತ್ತದೆ. ಅಳತೆಯಿಲ್ಲದೆ ಪರಿಶೀಲನೆ ನಡೆಯದು. ಆದ್ದರಿಂದ ಧ್ರುವದ ಆ ಯಂತ್ರಗಳು ಜಗತ್ತಿನ ಕರಣಿಕರು.

ಈ ಕಾರ್ಯದ ಅಂಗಳದಲ್ಲಿ ನಮ್ಮ ದೇಶವೂ ಇದೆ. ಸ್ವಾಲ್ಬಾರ್ಡ್‌ನ ನ್ಯೂ-ಓಲೆಸುಂದ್‌ನಲ್ಲಿ 2008ರಲ್ಲಿ ಭಾರತದ ‘ಹಿಮಾದ್ರಿ’ ಸಂಶೋಧನಾ ನೆಲೆ ಆರಂಭವಾಯಿತು. 2023ರ ಡಿಸೆಂಬರಿನಲ್ಲಿ ಅಲ್ಲಿಗೆ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು, ಬೇರೆ ವಿಷಯದ ಅಧ್ಯಯನಕ್ಕೆ. ಅದೇ ಊರಿನ ಮೇಲಿರುವ ಜೆಪೆಲಿನ್ ಬೆಟ್ಟದ ಕೇಂದ್ರದಲ್ಲಿ ನಾರ್ವೆಯವರು ಪಾದರಸವನ್ನು ಅಳೆಯುತ್ತ ಬಂದಿದ್ದಾರೆ. ಆ ಕೇಂದ್ರದ ಎತ್ತರ ಸಮುದ್ರಮಟ್ಟದಿಂದ 474 ಮೀಟರ್. ನಮ್ಮ ಕಡೂರಿನ ಬಯಲೇ ಅದಕ್ಕಿಂತ ಎತ್ತರದಲ್ಲಿದೆ.

ಇನ್ನು ನಮ್ಮ ಸಹ್ಯಾದ್ರಿಯ ಸಾಲಿಗೆ ಬರೋಣ. 2010ರಿಂದ 2015ರವರೆಗೆ ನಡೆದ ಜಾಗತಿಕ ಪಾದರಸ ವೀಕ್ಷಣಾ ಜಾಲ ಧ್ರುವದಿಂದ ಧ್ರುವದವರೆಗೆ ನಲವತ್ತಕ್ಕೂ ಹೆಚ್ಚು ಕಡೆ ಅಳತೆ ನಡೆಸಿತು. ಅದರಲ್ಲಿ ಭಾರತದ ಒಂದು ನೆಲೆ ಕೊಡೈಕೆನಾಲ್. ಕೊಡೈಕೆನಾಲಿಗೂ ಪಾದರಸಕ್ಕೂ ಅದಕ್ಕಿಂತ ಹಳೆಯ, ನೋವಿನ ನಂಟಿದೆ. ಅಮೆರಿಕದ ವಾಟರ್‌ಟೌನ್‌ನಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆ 1980ರ ದಶಕದಲ್ಲಿ ಆ ಬೆಟ್ಟಕ್ಕೆ ಬಂತು. ಮುಂದೆ ಅದು ಹಿಂದೂಸ್ತಾನ್ ಲಿವರ್ ಕಂಪನಿಯ ಒಡೆತನಕ್ಕೆ ಸೇರಿತು. 2001ರ ಮಾರ್ಚಿನಲ್ಲಿ ಊರಿನ ಜನರೂ ಪರಿಸರ ಕಾರ್ಯಕರ್ತರೂ ಪಾದರಸ ಮೆತ್ತಿದ ಗಾಜಿನ ಚೂರುಗಳನ್ನು ಗುಜರಿ ಅಂಗಡಿಯಲ್ಲಿ ಪತ್ತೆ ಮಾಡಿದರು. ಅದೇ ವರ್ಷ ಕಾರ್ಖಾನೆ ನಿಂತಿತು. 2003ರಲ್ಲಿ ತ್ಯಾಜ್ಯವನ್ನು ಅಮೆರಿಕಕ್ಕೆ ಮರಳಿ ಸಾಗಿಸಲಾಯಿತು. ಹಳೆಯ ಕಾರ್ಮಿಕರೊಂದಿಗೆ ರಾಜಿಯಾಗಲು 2016 ಬರಬೇಕಾಯಿತು. ಆ ಹೋರಾಟದಲ್ಲಿ ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು ಮತ್ತು ಹಾವಸೆಗಳೂ ಸಾಕ್ಷಿ ನುಡಿದವು. ಬೇರಿಲ್ಲದ ಅವು ಗಾಳಿಯಿಂದಲೇ ಎಲ್ಲವನ್ನೂ ಹೀರುವುದರಿಂದ ಗಾಳಿಯಲ್ಲಿದ್ದ ಪಾದರಸ ಅವುಗಳಲ್ಲಿ ದಾಖಲಾಗಿತ್ತು. ಭಾಭಾ ಅಣುಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದನ್ನು ಓದಿದರು.

ಆ ಕಲ್ಲುಹೂವು ಕೆಮ್ಮಣ್ಣುಗುಂಡಿಯ ಮರಗಳ ಮೇಲೂ ಬೆಳೆಯುತ್ತದೆ.

ನಮ್ಮ ಮೂರು ತಾಲ್ಲೂಕುಗಳಿಗೆ ಪಾದರಸ ಬಂದಿರಬಹುದಾದ ಹಾದಿಗಳನ್ನು ಎಣಿಸೋಣ. ಮೊದಲನೆಯದು ಗಾಳಿ. ಅದರಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಟೂಲಿಕ್‌ನ ಎಲೆಗಳಂತೆಯೇ ಬಾಬಾಬುಡನ್ ಗಿರಿಗಳ ಶೋಲಾ ಕಾಡು, ಭದ್ರಾ ಅಭಯಾರಣ್ಯದ ಎಲೆಯುದುರುವ ಕಾಡು ಗಾಳಿಯ ಪಾದರಸವನ್ನು ಹೀರಿ ತರಗೆಲೆಯ ಮೂಲಕ ಮಣ್ಣಿಗೆ ಒಪ್ಪಿಸುತ್ತವೆ. ಕಾಡು ಮಾಡುವ ಉಪಕಾರಗಳ ಪಟ್ಟಿಯಲ್ಲಿ ನಾವು ಬರೆಯದೆ ಬಿಟ್ಟ ಉಪಕಾರವಿದು. ಆದರೆ ಬೇಸಿಗೆಯಲ್ಲಿ ಯಾರೋ ಹಚ್ಚಿದ ಕಿಚ್ಚು ತರಗೆಲೆಯನ್ನು ಸುಟ್ಟಾಗ ವರ್ಷಗಳಿಂದ ಕೂಡಿಟ್ಟ ಆ ಪಾದರಸ ಮತ್ತೆ ಗಾಳಿಗೆ ಏಳುತ್ತದೆ. ಕಾಡ್ಗಿಚ್ಚನ್ನು ತಡೆಯಬೇಕೆನ್ನುವುದಕ್ಕೆ ಇದು ಇನ್ನೊಂದು ಕಾರಣ.

ಎರಡನೆಯದು ಹೊಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆಲೂಗಡ್ಡೆ ಬೆಳೆದ ಹಿರಿಯರು ಇಲ್ಲಿದ್ದಾರೆ. ಬೀಜದ ಗಡ್ಡೆ ಕೊಳೆಯದಂತೆ ಔಷಧದ ನೀರಿನಲ್ಲಿ ಅದ್ದುವ ಪದ್ಧತಿ ಅವರಿಗೆ ಗೊತ್ತು. ಅಂಥ ಔಷಧಗಳಲ್ಲಿ ಒಂದು ಮಿಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್. ಹೆಸರಿನಲ್ಲೇ ಪಾದರಸವಿದೆ. ಇತರ ಬೆಳೆಗಳಿಗೆ ನಿಷೇಧವಾದ ಮೇಲೂ ಆಲೂಗಡ್ಡೆ ಮತ್ತು ಕಬ್ಬಿನ ಬೀಜೋಪಚಾರಕ್ಕೆ ಅದಕ್ಕೆ ಅವಕಾಶವಿತ್ತು. 2018ರ ಆಗಸ್ಟಿನ ಆದೇಶದಿಂದ ಅದೂ ನಿಂತಿತು. ಹಳೆಯ ಕೊಟ್ಟಿಗೆಯ ಅಟ್ಟದಲ್ಲಿ ಅಂಥ ಪುಡಿ ಉಳಿದಿದ್ದರೆ ಅದನ್ನು ಹೊಲಕ್ಕೂ ಹಾಕಬೇಡಿ, ಬಾವಿಯ ಬಳಿಯೂ ಸುರಿಯಬೇಡಿ. ಮುಚ್ಚಿಟ್ಟು ಕೃಷಿ ಇಲಾಖೆಗೆ ತಿಳಿಸಿ.

ಮೂರನೆಯದು ಮನೆ. ಒಡೆದ ಥರ್ಮಾಮೀಟರು, ಕೆಟ್ಟ ಟ್ಯೂಬ್‌ಲೈಟು, ಸಿ.ಎಫ್.ಎಲ್. ಬಲ್ಬು. ಒಪ್ಪಂದದ ಸದಸ್ಯ ರಾಷ್ಟ್ರಗಳು ಸಿ.ಎಫ್.ಎಲ್. ತಯಾರಿಕೆಗೆ 2025ನ್ನೂ, ಟ್ಯೂಬ್‌ಲೈಟುಗಳಿಗೆ 2027ನ್ನೂ ಕೊನೆಯ ಗಡುವಾಗಿ ಇಟ್ಟುಕೊಂಡಿವೆ. ಆದರೆ ಈಗಾಗಲೇ ನಮ್ಮ ಗೋಡೆಗಳ ಮೇಲಿರುವವು ಒಂದು ದಿನ ತಿಪ್ಪೆಗೆ ಬರಲಿವೆ. ತಿಪ್ಪೆಗೆ ಬೆಂಕಿ ಇಟ್ಟರೆ ಅವುಗಳಲ್ಲಿನ ಪಾದರಸ ಗಾಳಿಗೆ ಸೇರುತ್ತದೆ.

ನಾಲ್ಕನೆಯದು ನೀರು, ನನ್ನ ಮಾತಿನ ಮುಖ್ಯ ಪ್ರಶ್ನೆ ಇರುವುದು ಇಲ್ಲಿ. ಕಾಡನ್ನು ಮುಳುಗಿಸಿ ಜಲಾಶಯ ಕಟ್ಟಿದಾಗ ಕೊಳೆಯುವ ಎಲೆ, ಮಣ್ಣಿನ ನಡುವೆ ಆಮ್ಲಜನಕ ತಗ್ಗಿ, ಸೂಕ್ಷ್ಮಜೀವಿಗಳು ಅಲ್ಲಿದ್ದ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾ ಗ್ರಾಂಡ್ ನದಿಯ ಜಲಾಶಯಗಳಲ್ಲಿ ಹೀಗಾಯಿತು. ಮೀನಿನಲ್ಲಿ ಪಾದರಸ ಹಲವು ಪಟ್ಟು ಏರಿತು. ಹಿಂದಿನ ಮಟ್ಟಕ್ಕೆ ಇಳಿಯಲು ಎರಡು ಮೂರು ದಶಕಗಳು ಹಿಡಿದವು. ಅಲ್ಲಿನ ಕ್ರೀ ಜನರಿಗೆ ಯಾವ ಮೀನನ್ನು ಎಷ್ಟು ತಿನ್ನಬಹುದೆಂದು ತಿಳಿಸಲು ಸಾಧ್ಯವಾದದ್ದು ಅಳತೆ ಇದ್ದುದರಿಂದ. ಲಕ್ಕವಳ್ಳಿಯ ಭದ್ರಾ ಜಲಾಶಯವೂ ಕಾಡನ್ನು ಮುಳುಗಿಸಿ ಕಟ್ಟಿದ್ದೇ. ಅದು ತುಂಬಿದ್ದು 1960ರ ದಶಕದಲ್ಲಿ. ಕ್ವಿಬೆಕ್‌ನ ಅನುಭವದಂತೆ ನೋಡಿದರೆ ಅಂಥ ಏರಿಕೆಯ ಕಾಲ ಎಂದೋ ಕಳೆದಿರಬೇಕು. ಭದ್ರೆಯ ಮೀನು ವಿಷವಾಗಿದೆಯೆಂದು ನಾನು ಹೇಳುತ್ತಿಲ್ಲ. ಹಾಗೆಂದು ಯಾರಾದರೂ ಊರಿನಲ್ಲಿ ಹಬ್ಬಿಸಿದರೆ ಅದು ಜಲಾಶಯದ ಮೀನುಗಾರರಿಗೆ ಮಾಡುವ ಅನ್ಯಾಯ. ನಾನು ಹೇಳುತ್ತಿರುವುದು ಇಷ್ಟೇ: 186 ಅಡಿಯ ಅಳತೆಗೋಲಿನಲ್ಲಿ ನೀರು ಎಷ್ಟಿದೆಯೆಂದು ಪ್ರತಿದಿನ ಬೆಳಿಗ್ಗೆ ಪತ್ರಿಕೆಯಲ್ಲಿ ನೋಡುವ ನಾವು, ಆ ನೀರಿನಲ್ಲಿ ಏನಿದೆ ಎಂಬುದನ್ನೂ ಅಷ್ಟೇ ಸಹಜವಾಗಿ ಕೇಳುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಭದ್ರೆಯ ನೀರು ಈಗ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಯ ಕೆರೆಗಳತ್ತ ಹೊರಡುವ ಕಾಲ. ನೀರು ಹೋದಲ್ಲಿಗೆ ನೀರಿನಲ್ಲಿರುವುದೂ ಹೋಗುತ್ತದೆ.

ಅಳತೆಯಿಂದ ಏನಾದೀತೆಂದು ಕೇಳುವವರಿಗೆ ನಮ್ಮ ನೆಲದ್ದೇ ಒಂದು ನೆನಪು. ಕುದುರೆಮುಖದ ಗಣಿಯ ವಿರುದ್ಧ ಮಲೆನಾಡು ಎದ್ದಾಗ ಭದ್ರೆಗೆ ಸೇರುತ್ತಿದ್ದ ಹೂಳಿನ ಪ್ರಶ್ನೆ ಮುಖ್ಯ ವಾದಗಳಲ್ಲಿ ಒಂದಾಗಿತ್ತು. ಮಳೆಗಾಲದ ಕೆಂಪು ನೀರನ್ನು ದಡದ ಜನ ತಲೆಮಾರಿನಿಂದ ಕಂಡಿದ್ದರು. ಅದನ್ನು ಅಳೆದು ಸಂಖ್ಯೆಯಾಗಿ ಇಟ್ಟಾಗ ಅದು ಸಾಕ್ಷ್ಯವಾಯಿತು. ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಮೆರವಣಿಗೆಯೂ ಬೇಕು, ಅಳತೆಯೂ ಬೇಕು. ಮೆರವಣಿಗೆಗೆ ಜನ ನಮ್ಮಲ್ಲಿದ್ದಾರೆ. ಅಳತೆಗೂ ಜನ ಬೇಕು.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಕೋರಿಕೆಗಳನ್ನು ಇಡುತ್ತೇನೆ.

ಒಂದು, ಭದ್ರಾ ಜಲಾಶಯ, ಅಯ್ಯನಕೆರೆ ಮತ್ತು ಮದಗದ ಕೆರೆಗಳ ಮೀನು ಹಾಗೂ ಹೂಳಿನಲ್ಲಿ ಪಾದರಸದ ಪ್ರಮಾಣವನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸುವಂತೆ ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಲಿ. ಮೀನುಗಾರರ ಸಹಕಾರ ಸಂಘಗಳನ್ನು ಮೊದಲ ದಿನದಿಂದಲೇ ಜೊತೆಗೆ ಇಟ್ಟುಕೊಳ್ಳಲಿ. ಫಲಿತಾಂಶ ಒಳ್ಳೆಯದಾಗಿ ಬಂದರೆ ಅದರ ಲಾಭ ಮೊದಲು ಸಿಗುವುದು ಅವರಿಗೇ.

ಎರಡು, ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಪಟ್ಟಣಗಳಲ್ಲಿ ಟ್ಯೂಬ್‌ಲೈಟು, ಥರ್ಮಾಮೀಟರುಗಳನ್ನು ಬೇರೆಯಾಗಿ ಸಂಗ್ರಹಿಸುವ ವ್ಯವಸ್ಥೆಯಾಗಲಿ. ಕಸಕ್ಕೆ ಬೆಂಕಿ ಇಡುವುದು ನಿಲ್ಲಲಿ.

ಮೂರು, ರಾಜ್ಯದ ಕಲ್ಲಿದ್ದಲು ಸ್ಥಾವರಗಳ ಹೊಗೆಯಲ್ಲಿನ ಪಾದರಸದ ಅಳತೆಯನ್ನು ಸಾರ್ವಜನಿಕರು ಓದಬಹುದಾದ ರೀತಿಯಲ್ಲಿ ನಿಯತವಾಗಿ ಹೊರಗಿಡಬೇಕೆಂದು ಕೇಳೋಣ. ಮಾಹಿತಿ ಹಕ್ಕಿನ ಕಾಯಿದೆ ನಮ್ಮ ಕೈಯಲ್ಲಿದೆ.

ನಾಲ್ಕು, ಇಲ್ಲಿರುವ ವಿಜ್ಞಾನ ವಿದ್ಯಾರ್ಥಿಗಳಿಗೆ. ಕಲ್ಲುಹೂವುಗಳನ್ನು ಗುರುತಿಸುವುದನ್ನು ಕಲಿಯಿರಿ. ಯಾವ ಮರದಲ್ಲಿ, ಯಾವ ಎತ್ತರದಲ್ಲಿ, ಯಾವ ವರ್ಷ ಕಂಡಿರೆಂದು ಬರೆದಿಡಿ. ಇಂದು ಬರೆದ ಪುಟ ಮೂವತ್ತು ವರ್ಷದ ಬಳಿಕ ಯಾರದೋ ವಾದಕ್ಕೆ ಬುನಾದಿಯಾಗಬಹುದು. ಅಲರ್ಟ್‌ನಲ್ಲಿ 1995ರಲ್ಲಿ ಮೊದಲ ಅಂಕಿಯನ್ನು ಬರೆದವರೂ ಮುಂದೆ ಏನಾಗುವುದೆಂದು ಬಲ್ಲವರಾಗಿರಲಿಲ್ಲ.

ಮೊದಲು ನಕ್ಕ ಗೆಳೆಯರಿಗೆ ಈಗ ಉತ್ತರ ಕೊಡುತ್ತೇನೆ. ಉತ್ತರ ಧ್ರುವದ ಗಾಳಿಯಿಂದ ನಮಗೆ ಆಗಬೇಕಾದದ್ದು ಎರಡು. ನಾವು ಉರಿಸಿದ್ದು ಎಲ್ಲಿಗೆ ಹೋಗುತ್ತದೆಂಬ ತಿಳಿವಳಿಕೆ ಒಂದು. ದೂರದ ಹಿಮಕ್ಕೆ ಸಿಕ್ಕ ಕಾವಲು ನಮ್ಮ ಕೆರೆಗೂ ಸಿಗಬೇಕೆಂಬ ಹಠ ಇನ್ನೊಂದು. ಸೀಲಿನ ಮಾಂಸವನ್ನು ಮಗುವಿಗೆ ಕೊಡಲೋ ಬೇಡವೋ ಎಂದು ಯೋಚಿಸುವ ಇನ್ಯುಯಿಟ್ ತಾಯಿಗೂ, ಲಕ್ಕವಳ್ಳಿಯ ಸಂತೆಯಲ್ಲಿ ಮೀನು ಕೊಳ್ಳುವ ತಾಯಿಗೂ ಕೇಳುವ ಹಕ್ಕು ಒಂದೇ. ಆಕೆ ಕೇಳಿದ್ದಕ್ಕೆ ಅಲ್ಲಿ ಯಾರೋ ಅಳೆದು ಉತ್ತರ ಹೇಳಿದರು. ಇಲ್ಲಿಯೂ ಅಳೆದು ಹೇಳುವಂತೆ ಮಾಡುವುದು ನಮ್ಮ ಕೆಲಸ.